ಅರಿಸಮಾಸವೋ, ಚಂಪುವೋ?

ಸ್ಮರಣಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಎಂದಿನಂತೆ ಷಟ್ಪದಿಯ ವಿಕಾಸವನ್ನೋ ರಗಳೆಯ ಲಕ್ಷಣವನ್ನೋ ಕುರಿತು ಬರೆಯುವೆನೆಂದೇ ಅವರು ಭಾವಿಸಿದ್ದರು. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಕ್ಷಣಕಾಲ ಮೌನ ತಾಳಿದರು. ಪಾಶ್ಚಾತ್ಯರು 'ಹೆವಿ ಮೆಟಲ್' ಎಂದು ಕರೆಯುವ ಸಂಗೀತದ ಮೇಲೆ ಬರೆಯಲು ನನಗೆ ಯಾವ ಅರ್ಹತೆಯೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಗುರುಗಳು ನನಗೆ ಕಲಿಸಿದ್ದು ಶಬ್ದಮಣಿದರ್ಪಣವನ್ನು, ಭಾರತವಾಚನವನ್ನು. ಆದರೂ ಈ ಸಂಚಿಕೆಯಲ್ಲಿಯೇ ಇದನ್ನು ಬರೆಯಲು ಕಾರಣವಿದೆ.

2009ನೆಯ ಇಸವಿ. ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ಆಗ ನನ್ನ ಪಾಲಿಗಿತ್ತು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ, ಹೆಸರು ಬೇಡ. ಗಮಕಕ್ಕೆಂದೇ ಹುಟ್ಟಿದ ಕಂಠ ಅವನದು. ಒಂದು ರಾತ್ರಿ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದ್ದುದನ್ನು ಕಂಡು, ಅದನ್ನು ಕಸಿದು ನನ್ನ ಕಿವಿಗಿಟ್ಟುಕೊಂಡೆ. ಗಂಟಲು ಹರಿದುಹೋಗುವಂಥ ಕೂಗು! ಮರುದಿನ ಪ್ರಾರ್ಥನಾಸಭೆಯಲ್ಲಿ ಅವನನ್ನು ಎದ್ದು ನಿಲ್ಲಿಸಿ, "ಕುಮಾರವ್ಯಾಸನನ್ನು ಹಾಡುವ ಬಾಯಿ, ರಾಕ್ಷಸರ ಕೂಗನ್ನು ಕೇಳುವ ಕಿವಿ; ಇದೇ ಅರಿಸಮಾಸ ನೋಡಿರಿ" ಎಂದೆ. ಮಕ್ಕಳೆಲ್ಲ ನಕ್ಕರು. ನನಗೂ ನನ್ನ ಚಾತುರ್ಯ ಮೆಚ್ಚಿಕೆಯಾಯಿತು. ವರ್ಷ ಮುಗಿಯುವವರೆಗೂ ಆ ಹುಡುಗನಿಗೆ 'ಅರಿಸಮಾಸ' ಎಂಬುದೇ ಅಡ್ಡಹೆಸರಾಯಿತು. ಅವನು ಗಮಕದ ತರಗತಿಗೆ ಮತ್ತೆ ಬರಲಿಲ್ಲ.

ಕಳೆದ ವರ್ಷ ಅವನು ನಮ್ಮ ಮನೆಗೆ ಬಂದ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದಾನೆ. ಹಣ್ಣು ಕೊಟ್ಟು ನಮಸ್ಕರಿಸಿದವನನ್ನು, "ಅಂದು ನೀನು ಕೇಳುತ್ತಿದ್ದುದು ಏನಪ್ಪಾ?" ಎಂದು ಕೇಳಿದೆ. "ತಾವು ಕೇಳಿದ್ದು ಹತ್ತು ಕ್ಷಣ, ಗುರುಗಳೇ. ಆ ಹಾಡು 14 ನಿಮಿಷ ಮೀರಿದ್ದು" ಎಂದ. ದೂರುವ ದನಿಯಿರಲಿಲ್ಲ. ಅವನ ಅಣ್ಣ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಐರನ್ ಮೇಡನ್' ತಂಡದ ಕಛೇರಿ ಕೇಳಿದ್ದನಂತೆ. ತಮ್ಮನಿಗೆ ಈ ಹಾಡುಗಳನ್ನು ಕೊಟ್ಟವನು ಅವನೇ. ಆ ಸಂಜೆ ಇಡೀ ಧ್ವನಿಮುದ್ರಿಕೆಯನ್ನು ಕೇಳಿದೆ. ಅನಂತರ ಅವನು ಬೇರೆ ಕೆಲವನ್ನೂ ಕಳುಹಿಸಿಕೊಟ್ಟ.

ಈ ಸಂಗೀತದ ಮೂಲವೆಂದು ಬಲ್ಲವರು ಹೇಳುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ 'ಬ್ಲ್ಯಾಕ್ ಸಬ್ಬಾತ್' ತಂಡದ 1970ರ ಮೊದಲ ಮುದ್ರಿಕೆಯನ್ನು. ಮಳೆ, ಗುಡುಗು, ಗಂಟೆಯ ಸದ್ದು. ಅನಂತರ ಮೂರೇ ಸ್ವರ: ಷಡ್ಜ, ತಾರಷಡ್ಜ, ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ಅಂತರವನ್ನು ಯೂರೋಪಿನವರು ಒಂದು ಕಾಲಕ್ಕೆ ಸಂಗೀತದೊಳಗಣ ಸೈತಾನನೆಂದು ಹಳಿದರು. ನಮ್ಮಲ್ಲಾದರೋ 72 ಮೇಳಕರ್ತ ರಾಗಗಳಲ್ಲಿ ಅರ್ಧದಷ್ಟು ಪ್ರತಿಮಧ್ಯಮದವೇ; ಮಂಗಳಕರವಾದ ಕಲ್ಯಾಣಿಯೂ ಅವುಗಳಲ್ಲಿ ಒಂದು. ಒಬ್ಬರ ಸೈತಾನ ಇನ್ನೊಬ್ಬರ ಕಲ್ಯಾಣಿ! ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿಯೇ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡವನು. ಕರಗಿಸಿದ ಪ್ಲಾಸ್ಟಿಕ್ಕಿನ ಟೊಪ್ಪಿಗೆಗಳನ್ನು ಬೆರಳಿಗೆ ತೊಡಿಸಿಕೊಂಡು ನುಡಿಸಿದ. ಮುಂದೆ ತಂತಿಗಳ ಬಿಗಿಯನ್ನು ಸಡಿಲಿಸಿಕೊಂಡ. ನಾದ ಇನ್ನೂ ಮಂದ್ರಕ್ಕಿಳಿಯಿತು.

ಹುಡುಗ ಅಂದು ಕೇಳುತ್ತಿದ್ದುದು ಅಮೆರಿಕೆಯ ಪೋರ್ಟ್‌ಲೆಂಡ್ ನಗರದ 'ಅಗಲಾಕ್' ತಂಡದ 'ದ ಮ್ಯಾಂಟಲ್' ಎಂಬ 2002ರ ಮುದ್ರಿಕೆ. ತಂಡದ ಹೆಸರೇ ನನ್ನನ್ನು ಹಿಡಿದು ನಿಲ್ಲಿಸಿತು. ಅದು ನಮ್ಮ ಅಗರು! ಸಂಸ್ಕೃತದ ಅಗುರುವಿಗೆ ಬಂಧುವಾದ ಗ್ರೀಕ್ ಶಬ್ದದಿಂದ ಬಂದದ್ದು. ಅಗರಿನ ಮರ ಆರೋಗ್ಯವಾಗಿರುವಾಗ ಅದರಲ್ಲಿ ಆ ಪರಿಮಳವಿಲ್ಲ; ಗಾಯವಾಗಿ ಬೂಷ್ಟು ತಗುಲಿದಾಗ ಒಸರುವ ರಾಳವೇ ಆ ಸುಗಂಧ. ಮುಖಪಟದಲ್ಲಿ ಕಡವೆಯನ್ನು ಹೋಲುವ ಸಾರಂಗದ ಪ್ರತಿಮೆಯಿದೆ. 1900ರಲ್ಲಿ ಅದೇ ನಗರದಲ್ಲಿ ನಿಲ್ಲಿಸಿದ್ದು.

ಒಂಬತ್ತು ರಚನೆಗಳು, 68 ನಿಮಿಷ. ಮರದ ಗಿಟಾರಿನ ಸೌಮ್ಯ ನಾದದಿಂದ ಆರಂಭ. ಎರಡನೆಯದೇ ಆ ದೀರ್ಘಗೀತೆ. ತಂತಿಗಳು ಮಂಜಿನಂತೆ ದಟ್ಟೈಸುತ್ತವೆ, ತಿಳಿಯಾಗುತ್ತವೆ. ಅದೇ ಗಾಯಕ ಒಮ್ಮೆ ಸಹಜ ಕಂಠದಲ್ಲಿ ಹಾಡಿ ಒಮ್ಮೆ ಕರ್ಕಶವಾಗಿ ಉಸುರುತ್ತಾನೆ. ನಾನು ಕಸಿದುಕೊಂಡದ್ದು ಆ ಕರ್ಕಶ ಭಾಗವನ್ನು ಮಾತ್ರ. ಮೂರನೆಯದರ ಹೆಸರು 'ಓಡಲ್'. ಉತ್ತರ ಯೂರೋಪಿನ ಹಳೆಯ ನುಡಿಗಳಲ್ಲಿ ಪಿತ್ರಾರ್ಜಿತ ಭೂಮಿ ಎಂದರ್ಥವಂತೆ. ನಮ್ಮ ಹಳಗನ್ನಡದ ಒಡಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಪಂಡಿತನ ಮನಸ್ಸು ಕ್ಷಣಕಾಲ ಹಿಗ್ಗಿತು. ಐದನೆಯದರಲ್ಲಿ ಜಿಂಕೆಯ ಬುರುಡೆಯೇ ತಾಳವಾದ್ಯ. ಹಿಮದ ಕಾಡು, ಸಾವು, ಏಕಾಂತ: ಇವೇ ಗೀತೆಗಳ ವಸ್ತು. ದೈವದ ಆಸರೆಯಿಲ್ಲದ ಆ ಕಾಡಿನಲ್ಲಿ ನನ್ನ ಮನಸ್ಸು ನೆಲೆ ನಿಲ್ಲಲಾರದು. ಆದರೆ ಅಲ್ಲಿ ಶೋಕವಿದೆ. ಶೋಕ ಹದವಾಗಿ ಕರುಣರಸವಾಗಿದೆ.

ಕರ್ಕಶ ಕಂಠದ ಮಾತು ಬಂದುದರಿಂದ ಕೇಳಿಕೊಳ್ಳುತ್ತೇನೆ: ದುಶ್ಶಾಸನವಧೆಯನ್ನು ವಾಚಿಸುವಾಗ ನನ್ನ ದನಿ ಏನಾಗುತ್ತದೆ? ಭೀಮ ರಕ್ತ ಕುಡಿಯುವ ಸ್ಥಳದಲ್ಲಿ ಮೋಹನರಾಗದ ಮಾಧುರ್ಯವನ್ನು ಯಾರು ಬಯಸುತ್ತಾರೆ? ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದ ಆರ್ಭಟಿಸಿದರೆ ನಾವು ಬೆಚ್ಚುತ್ತೇವೆ, ಮತ್ತು ಮೆಚ್ಚುತ್ತೇವೆ.

ಇನ್ನು ಅರಿಸಮಾಸದ ವಿಚಾರ. ಸಂಸ್ಕೃತಪದವನ್ನೂ ಕನ್ನಡಪದವನ್ನೂ ಹೊಂದಿಕೆಯಿಲ್ಲದೆ ಒಂದೇ ಸಮಾಸದಲ್ಲಿ ಕಟ್ಟಿದರೆ ದೋಷ. ಬಿಸಿಹಾಲು ಸರಿ, ಬಿಸಿಕ್ಷೀರ ಸಲ್ಲದು. ಆದರೆ ಇಂಥ ಮುದ್ರಿಕೆಗಳು ಸಮಾಸಗಳಲ್ಲ; ಪ್ರಬಂಧಗಳು. ಗದ್ಯಪದ್ಯಗಳೆರಡೂ ತಮ್ಮ ಸ್ವಭಾವವನ್ನು ಬಿಡದೆ ಒಂದೇ ಕಥೆಯನ್ನು ಮುನ್ನಡೆಸುವ ಚಂಪೂಮಾರ್ಗ ನಮ್ಮದೇ ಅಲ್ಲವೆ? 941ರ ಪಂಪಭಾರತವನ್ನು ತಲೆಯ ಮೇಲೆ ಹೊತ್ತು ಪಾಠ ಹೇಳುವವನು ಬೆರಕೆಯನ್ನು ಬೆರಕೆಯೆಂಬ ಕಾರಣಕ್ಕೇ ಹಳಿಯುವುದು ಹೇಗೆ? ದೃಷ್ಟಾಂತವನ್ನೇ ನಾನು ತಪ್ಪಾಗಿ ಆರಿಸಿದ್ದೆ.

ಎಲ್ಲವೂ ಮೆಚ್ಚುಗೆಯಾದವೆಂದಲ್ಲ. ಸ್ವೀಡನ್ನಿನ 'ಓಪೆತ್' ತಂಡದ 'ಡ್ಯಾಮ್ನೇಶನ್' (2003) ಗರ್ಜನೆಯನ್ನು ಪೂರ್ಣವಾಗಿ ಬಿಟ್ಟುಕೊಟ್ಟ ಮುದ್ರಿಕೆ. ನನ್ನಂಥವರಿಗೆ ಇದೇ ಪ್ರಿಯವಾಗಬೇಕಿತ್ತು, ಆಗಲಿಲ್ಲ. ವೃತ್ತಗಳನ್ನಷ್ಟೇ ಉಳಿಸಿ ಗದ್ಯವನ್ನು ತೆಗೆದಂತೆ ತೋರಿತು. ಅದೇ ತಂಡದ 'ಬ್ಲ್ಯಾಕ್‌ವಾಟರ್ ಪಾರ್ಕ್' (2001) ಭಯಾನಕವನ್ನೂ ಕೋಮಲವನ್ನೂ ಎದುರುಬದುರು ನಿಲ್ಲಿಸಿ ಗೆದ್ದಿದೆ. ಇಸ್ರೇಲಿನ 'ಆರ್ಫನ್ಡ್ ಲ್ಯಾಂಡ್' ತಂಡದ 'ಮಬೂಲ್' (2004) ಜಲಪ್ರಳಯದ ಕಥೆ. ಪೂರ್ವದೇಶದ ತಂತಿವಾದ್ಯಗಳು ಕೆಲವೆಡೆ ರಕ್ತಗತ, ಕೆಲವೆಡೆ ಅಂಗಿಗೆ ಹೊಲಿದ ಗೊಂಡೆ. 'ಡೆಫ್‌ಹೆವನ್' ತಂಡದ 'ಸನ್‌ಬೇದರ್' (2013) ನನಗೆ ಇಂದಿಗೂ ಒಗ್ಗಿಲ್ಲ. ಗುಲಾಬಿ ಬಣ್ಣದ ಹೊದಿಕೆ, ಬೆಳಗಿನಂಥ ಸ್ವರಮೇಳ, ಅದರ ಮೇಲೆ ಬಿಡುವಿಲ್ಲದ ಚೀತ್ಕಾರ. "ಅದೇ ಅದರ ಸೊಗಸು, ಗುರುಗಳೇ" ಎನ್ನುತ್ತಾನೆ ಹುಡುಗ. ಇಲ್ಲಿ ಮಾತ್ರ ನನ್ನ ಹಳೆಯ ತೀರ್ಪು ಸ್ವಲ್ಪ ಉಳಿದುಕೊಂಡಿದೆ. ಈ ಮುದ್ರಿಕೆ ನಡೆಯುತ್ತಿದ್ದಾಗ ನಮ್ಮ ಮನೆಯವರು ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡರೆಂಬುದನ್ನೂ ಹೇಳಿಬಿಡುತ್ತೇನೆ.

ಹೊರಟುನಿಂತವನಿಗೆ ಒಂದು ಪದ್ಯವನ್ನು ವಾಚಿಸೆಂದೆ. "ಕಂಠ ಬಿಟ್ಟುಹೋಗಿದೆ, ಗುರುಗಳೇ. ಗಿಟಾರ್ ನುಡಿಸುತ್ತೇನೆ" ಎಂದ. ತಪ್ಪಾಯಿತೆಂದು ಅವನೊಬ್ಬನಿಗೆ ಹೇಳಿದರೆ ಸಾಲದು. ನಾನು ನಗಿಸಿದ್ದು ಇಡೀ ಸಭೆಯನ್ನು. ಅಂದು ನಕ್ಕ ಮಕ್ಕಳು ಇಂದು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು. ಆ ಮಾತನ್ನು ಅವರೆಲ್ಲರೆದುರು ಹಿಂದೆಗೆದುಕೊಳ್ಳುತ್ತಿದ್ದೇನೆ.

ಸಂಚಿಕೆಯ ಬಿಡುಗಡೆಯ ದಿನ ಅವನು ಗಿಟಾರ್ ತರುತ್ತಾನೆ. ಭೀಷ್ಮಪರ್ವದ ನಾಲ್ಕು ಪದ್ಯಗಳನ್ನು ನಾನು ವಾಚಿಸುವುದು, ಅವನು ಹಿಂದೆ ನುಡಿಸುವುದು ಎಂದು ಮಾತಾಗಿದೆ. ಸಂಗೀತದ ಮೇಷ್ಟ್ರು ಶ್ರುತಿ ಕೂಡುವುದು ಹೇಗೆಂದು ಚಿಂತೆಗೀಡಾಗಿದ್ದಾರೆ. ಮೈಕಿನವನಿಗಂತೂ ಈಗಲೇ ಹೇಳಿಟ್ಟಿದ್ದೇನೆ.