ಭವಾವಳಿಯೂ ಒಂದು ಪಾಳು ಮಹಲೂ

ಶ್ರಾವಕರ ಮನೆಯಲ್ಲಿ ವಿಕಥೆಗೆ ಎಡೆಯಿರಬಾರದೆಂಬುದು ಹಿರಿಯರ ಮಾತು. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆಗಳೆಂದು ಶಾಸ್ತ್ರಗಳು ಅದನ್ನು ನಾಲ್ಕು ಬಗೆಯಾಗಿ ಹೇಳುತ್ತವೆ. ಜಯನಗರದ ಒಬ್ಬ ನಿವೃತ್ತ ಕನ್ನಡ ಪಂಡಿತರು ಕಂಪ್ಯೂಟರ್ ಆಟಗಳನ್ನು ಬಹುಕಾಲ ಇದರ ಐದನೆಯ ಬಗೆಯೆಂದೇ ಎಣಿಸಿದ್ದರು. ಬಿ.ಟಿ.ಎಂ. ಬಡಾವಣೆಯ ಕಚೇರಿಯೊಂದರಲ್ಲಿ ದುಡಿಯುವ ಅವರ ಮೊಮ್ಮಗಳು ಭಾನುವಾರಗಳಂದು, ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ, ‘ಯಾರನ್ನೋ ಕೊಲ್ಲುತ್ತಿದ್ದಾಳೆ, ಸಂಕಲ್ಪಹಿಂಸೆ’ ಎಂದು ಹೊರಗಿನಿಂದಲೇ ತೀರ್ಪು ಕೊಡುತ್ತಿದ್ದರು. ಒಂದು ಸಂಜೆ ಒಳಗೆ ಅಳುವ ಸದ್ದು ಕೇಳಿ ಬಾಗಿಲು ತಟ್ಟಿದರು. ಪರದೆಯ ಮೇಲೆ ಯಾರೂ ಯಾರನ್ನೂ ಕೊಲ್ಲುತ್ತಿರಲಿಲ್ಲ. ಒಂದು ಚಿತ್ರ, ಅದರ ಮೇಲೆ ಅಕ್ಷರಗಳು, ಹಿನ್ನೆಲೆಯಲ್ಲಿ ಒಂದು ಹಾಡು. ಅವಳು ಓದುತ್ತಿದ್ದಳು.

ಆ ಕೃತಿಯ ಹೆಸರು ‘ದಿ ಹೌಸ್ ಇನ್ ಫಾಟಾ ಮೊರ್ಗಾನಾ’. ಫಾಟಾ ಮೊರ್ಗಾನಾ ಎಂದರೆ ಒಂದು ಬಗೆಯ ಮರೀಚಿಕೆ. ಜಪಾನಿನ ನೊವೆಕ್ಟಾಕಲ್ ಎಂಬ ಸಣ್ಣ ತಂಡ 2012ರ ಕೊನೆಯಲ್ಲಿ ಇದನ್ನು ಹೊರತಂದಿತು. ಬರೆದವರು ಕೆಯಿಕಾ ಹನಾಡಾ. ಇಂಗ್ಲಿಷಿಗೆ ಬಂದದ್ದು 2016ರಲ್ಲಿ. ಇಂಥವನ್ನು ವಿಷುಯಲ್ ನಾವೆಲ್ ಎಂದು ಕರೆಯುತ್ತಾರೆ. ಆಟವೆಂದು ಮಾರಾಟವಾದರೂ ಇದರಲ್ಲಿ ಆಡುವುದು ಬಹಳ ಕಡಿಮೆ. ಗುಂಡಿ ಒತ್ತಿದರೆ ಮುಂದಿನ ವಾಕ್ಯ ಬರುತ್ತದೆ. ಅಪರೂಪಕ್ಕೊಮ್ಮೆ ಎರಡು ದಾರಿಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಗಮಕಿಗಳ ಕಾವ್ಯವಾಚನಕ್ಕೆ ಚಿತ್ರವನ್ನೂ ವಾದ್ಯವನ್ನೂ ಸೇರಿಸಿದಂತಿದೆ ಎಂದು ಪಂಡಿತರು ಆಮೇಲೆ ಒಪ್ಪಿಕೊಂಡರು. ಅವರ ಕಣ್ಣಿಗೆ ಪೊರೆ ಬಂದಿದ್ದುದರಿಂದ, ಮೊಮ್ಮಗಳು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಓದಿ ಹೇಳತೊಡಗಿದಳು. ಹತ್ತಾರು ಗಂಟೆಗಳ ಓದು ಅದು. ಹಲವು ವಾರ ನಡೆಯಿತು.

ಪಾಳುಬಿದ್ದ ಮಹಲೊಂದರಲ್ಲಿ ಒಂದು ಜೀವ ಎಚ್ಚರಗೊಳ್ಳುತ್ತದೆ. ತಾನು ಯಾರೆಂಬುದು ಅದಕ್ಕೆ ನೆನಪಿಲ್ಲ. ಹಸಿರು ಕಣ್ಣಿನ ದಾಸಿಯೊಬ್ಬಳು ಅದನ್ನು ಒಡೆಯನೆಂದು ಕರೆದು, ಒಂದೊಂದಾಗಿ ಬಾಗಿಲುಗಳನ್ನು ತೆರೆದು, ಆ ಮನೆಯಲ್ಲಿ ಹಿಂದೆ ನಡೆದುದನ್ನು ತೋರಿಸುತ್ತಾಳೆ. ಮೊದಲ ಬಾಗಿಲ ಆಚೆ 1603, ಎರಡನೆಯದರಾಚೆ 1707, ಮೂರನೆಯದರಾಚೆ 1869. ನಾಲ್ಕನೆಯದು ಥಟ್ಟನೆ 1099ಕ್ಕೆ ಒಯ್ಯುತ್ತದೆ. ಅಣ್ಣ ತಂಗಿಯರ ಒಂದು ಮನೆ, ಮೃಗವಾಗಿ ಬಾಳುವ ಒಬ್ಬ, ಹೆಂಡತಿಯೊಡನೆ ಮನಬಿಚ್ಚಿ ಮಾತನಾಡಲಾರದ ಒಬ್ಬ ವ್ಯಾಪಾರಿ. ಎಲ್ಲ ಕತೆಗಳಲ್ಲೂ ಬಿಳಿಗೂದಲಿನ ಒಬ್ಬ ಹುಡುಗಿ ಬರುತ್ತಾಳೆ. ಎಲ್ಲದರ ಹಿಂದೆಯೂ ಮೊರ್ಗಾನಾ ಎಂಬ ಮಾಟಗಾತಿಯ ಶಾಪ ಕೇಳಿಸುತ್ತದೆ. ಬಾಗಿಲುಗಳಲ್ಲಿ ಕಂಡದ್ದು ಪೂರ್ತಿ ಸತ್ಯವಲ್ಲವೆಂಬುದು ಅರ್ಧ ದಾರಿ ಕಳೆದ ಮೇಲೆ ತಿಳಿಯುತ್ತದೆ. ಎರಡನೆಯ ಬಾಗಿಲಿನ ಮೃಗವು ಮೃಗವೇ ಅಲ್ಲ. ತನ್ನನ್ನು ಮೃಗವೆಂದು ನಂಬಿದ ಮನುಷ್ಯ. ಮೊರ್ಗಾನಾ ಕೂಡ ಹುಟ್ಟಾ ಮಾಟಗಾತಿಯಲ್ಲ. ಅವಳ ರಕ್ತದಲ್ಲಿ ರೋಗ ಕಳೆಯುವ ಶಕ್ತಿಯಿದೆಯೆಂದು ಜನ ನಂಬಿದ್ದರು. ಆ ನಂಬಿಕೆಯೇ ಬಡ ಹುಡುಗಿಗೆ ಮುಳುವಾಯಿತು. ಮೂವರು ಗಂಡಸರು ಮೂರು ಬಗೆಯಲ್ಲಿ ಅವಳಿಗೆ ದ್ರೋಹವೆಸಗಿದರು. ಆ ಮೂವರೂ ಅವಳ ಶಾಪವನ್ನು ಹೊತ್ತು ಮತ್ತೆ ಹುಟ್ಟಿ ಮತ್ತೆ ಕೆಡುತ್ತಾರೆ.

‘ಇದು ನಮ್ಮ ಭವಾವಳಿಯೇ ಅಲ್ಲವೇನಮ್ಮ’ ಎಂದರು ಪಂಡಿತರು. ಅವರ ಮನಸ್ಸು ಸಹಜವಾಗಿಯೇ ಜನ್ನನ ‘ಯಶೋಧರ ಚರಿತೆ’ಗೆ ಹೋಗಿತ್ತು. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿಕೊಂಡ ಜನ್ನ 1209ರಲ್ಲಿ ಮುಗಿಸಿದ ಆ ಕಾವ್ಯದ ಚೌಕಟ್ಟೂ ಭಯಾನಕವಾದುದೇ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಇಬ್ಬರು ಮಕ್ಕಳು, ಎತ್ತಿದ ಕತ್ತಿಯ ಮುಂದೆ, ಮಾರಿದತ್ತ ರಾಜನಿಗೆ ತಮ್ಮ ಹಿಂದಿನ ಜನ್ಮಗಳ ಕತೆ ಹೇಳುತ್ತಾರೆ. ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಜೀವಂತ ಕೋಳಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಕಡಿದ. ಕಡಿದಾಗ ಅದು ಕೂಗಿತು. ಆ ಒಂದು ಸಂಕಲ್ಪದ ಫಲವಾಗಿ ತಾಯಿ ಮಕ್ಕಳು ನವಿಲು, ನಾಯಿ ಮೊದಲುಗೊಂಡು ಕೋಳಿಗಳ ಜನ್ಮದವರೆಗೆ ಅಲೆದರು.

ಆದರೆ ಪಂಡಿತರಿಗೆ ಒಂದು ಆಕ್ಷೇಪವಿತ್ತು. ಒಬ್ಬರ ಶಾಪದಿಂದ ಇನ್ನೊಬ್ಬರಿಗೆ ಭವ ಬರುವುದೆಂದರೆ ಕರ್ಮಸಿದ್ಧಾಂತಕ್ಕೆ ಸಲ್ಲದ ಮಾತು. ಅವರವರ ಕಷಾಯವೇ ಅವರವರನ್ನು ಕಟ್ಟಬೇಕು. ಮೊಮ್ಮಗಳ ಉತ್ತರ ಚುರುಕಾಗಿತ್ತು. ‘ಅಜ್ಜ, ಶಾಪ ಕೊಟ್ಟವಳನ್ನು ನೋಡಿ. ಅವರೆಲ್ಲ ಹುಟ್ಟಿ ಸತ್ತು ಹೋಗುತ್ತಿದ್ದಾರೆ. ನೂರಾರು ವರ್ಷ ಆ ಮನೆ ಬಿಟ್ಟು ಹೋಗಲಾರದೆ ಉಳಿದವಳು ಅವಳೇ.’ ಅನಂತಾನುಬಂಧಿ ಕ್ರೋಧವನ್ನು ಶಾಸ್ತ್ರಕಾರರು ಬಂಡೆಯ ಮೇಲಿನ ಗೆರೆಗೆ ಹೋಲಿಸುತ್ತಾರೆ. ಪಂಡಿತರು ಆ ಹೋಲಿಕೆಯನ್ನು ಐವತ್ತು ವರ್ಷ ಪಾಠ ಹೇಳಿದ್ದರು. ಬಂಡೆಯ ಕಡೆಯಿಂದ ಅದನ್ನು ನೋಡಿರಲಿಲ್ಲ.

ಇನ್ನೊಂದು ವ್ಯತ್ಯಾಸವನ್ನೂ ಅವಳೇ ಎತ್ತಿ ತೋರಿಸಿದಳು. ಜನ್ನನಲ್ಲಿ ವಿಷವಿಕ್ಕಿದ ಅಮೃತಮತಿಗೆ ನರಕವುಂಟು, ತನ್ನ ಕತೆಯನ್ನು ತಾನು ಹೇಳಿಕೊಳ್ಳುವ ಅವಕಾಶವಿಲ್ಲ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ರಾಣಿಗೆ ಮಾತು ಕೊಟ್ಟದ್ದು 1980ರಲ್ಲಿ. ಜಪಾನಿನ ಕೃತಿಯಾದರೋ ತನ್ನ ಉತ್ತರಾರ್ಧವನ್ನೆಲ್ಲ ಮಾಟಗಾತಿಯ ಮಾತನ್ನು ಕೇಳುವುದಕ್ಕೇ ಮೀಸಲಿಟ್ಟಿದೆ. ಅದರ ನಡುಭಾಗ ಅತಿಯಾಗಿ ಎಳೆದಿದೆ, ನೋವನ್ನು ಒಂದರ ಮೇಲೊಂದು ಪೇರಿಸುವ ಚಟವೂ ಕಾಣುತ್ತದೆ. ಆದರೆ ಈ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ದೊಡ್ಡದು. ಕೊನೆಯಲ್ಲಿ ಆ ಮೂವರೂ ಅವಳೆದುರು ನಿಂತು ತಾವು ಮಾಡಿದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಹಾಗೆಂದು ಸಲೀಸಾದ ಕ್ಷಮೆಯ ಮಾತನ್ನು ಅವಳ ಬಾಯಲ್ಲಿ ತುರುಕಿಲ್ಲ. ಅವಳು ಕೈಬಿಡುವುದು ದ್ವೇಷವನ್ನು.

ಅಜ್ಜ ಮೊಮ್ಮಗಳ ನಡುವೆ ನಿಜವಾದ ಜಗಳ ಹತ್ತಿದ್ದು ಮುಂದಿನ ಕತೆಗಳಿಂದ. ‘ಎ ರಿಕ್ವಿಯಮ್ ಫಾರ್ ಇನ್ನೊಸೆನ್ಸ್’ ಎಂಬುದು ಹಿಂದೆ ನಡೆದುದರ ಕತೆ. ಮೊರ್ಗಾನಾಳನ್ನು ಗೋಪುರದಲ್ಲಿ ಬಂಧಿಸಿದ ಯಾಕೊಪೋ ಎಂಬ ಒಡೆಯ ಅದಕ್ಕೆ ಮುಂಚೆ ಎಂಥವನಾಗಿದ್ದ, ಅವರಿಬ್ಬರ ನಡುವೆ ಎಂಥ ಅಕ್ಕರೆಯಿತ್ತು, ಹೇಳಬೇಕಾದ ಮಾತನ್ನು ಹೇಳದೆ ಅವನು ಹೇಗೆ ಕೆಟ್ಟ ಎಂಬುದನ್ನು ಅದು ವಿಸ್ತರಿಸುತ್ತದೆ. ‘ರೀಇನ್‌ಕಾರ್ನೇಷನ್’ ಎಂಬ ಇನ್ನೊಂದು ಅದೇ ಜೀವಗಳನ್ನು ಈ ಕಾಲಕ್ಕೆ ತರುತ್ತದೆ. ಪಂಡಿತರಿಗೆ ಯಾಕೊಪೋವಿನ ಮೇಲೆ ಕರುಣೆ ಹುಟ್ಟಿತು. ಮೊಮ್ಮಗಳಿಗೆ ಸಿಟ್ಟು ಬಂತು. ಇವನ ಕಷ್ಟವನ್ನು ತಿಳಿದುಕೊಂಡ ಮಾತ್ರಕ್ಕೆ ಅವಳು ಗೋಪುರದಲ್ಲಿ ಕಳೆದ ದಿನಗಳು ಕಡಿಮೆಯಾದುವೆ? ಕೇಳಿದವನಿಗೆಲ್ಲ ಕ್ಷಮೆ ಸಿಗಲೇಬೇಕೆ?

ಪ್ರಶ್ನೆ ಮಾಟಗಾತಿಯದಷ್ಟೇ ಆಗಿರಲಿಲ್ಲ. ಅವಳ ತಾಯಿಯ ತಮ್ಮ, ವ್ಯಾಪಾರದ ಸಾಲಕ್ಕೆಂದು ಹೇಳಿ ಅಕ್ಕನಿಂದ ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡಿದ್ದ. ಬನಶಂಕರಿಯ ತವರುಮನೆಯಲ್ಲಿ ಆಕೆಗಿದ್ದ ಪಾಲಿನ ಹಕ್ಕುಬಿಡುಗಡೆ ಪತ್ರ ಅದೆಂಬುದು ಮನೆ ಕೆಡವಿ ಫ್ಲಾಟುಗಳೆದ್ದಾಗ ಗೊತ್ತಾಯಿತು. ವರ್ಷವರ್ಷವೂ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂದಾಗ ಬಸದಿಯ ಜನಸಂದಣಿಯಲ್ಲಿ ಅವನು ಅಕ್ಕನೆದುರು ಕೈಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಮನ್ನಿಸಬೇಕೆನ್ನುತ್ತಿದ್ದ. ಆಕೆ ‘ಉತ್ತಮ ಕ್ಷಮಾ’ ಎಂದು ಮುಖ ತಿರುಗಿಸುತ್ತಿದ್ದಳು. ಒಂದು ವರ್ಷ ಆ ಮಾತೂ ಹೊರಡಲಿಲ್ಲ. ಧರ್ಮ ತಿಳಿದ ಮನೆಯ ಹೆಣ್ಣುಮಗಳಿಗೆ ಇಷ್ಟು ವೈರ ಸಲ್ಲದೆಂದು ಬಂಧುಗಳು ಆಡಿಕೊಂಡರು. ಇಪ್ಪತ್ತು ವರ್ಷದ ಅನ್ಯಾಯದಲ್ಲಿ ಕೊನೆಗೆ ಕಟಕಟೆ ಹತ್ತಿದವಳು ಮೋಸಹೋದವಳೇ.

ಪಂಡಿತರು ಮೊದಲು ಕಮಠ ಮರುಭೂತಿಯರ ಕತೆಯನ್ನು ನೆನೆದರು. ಪಾರ್ಶ್ವನಾಥ ಸ್ವಾಮಿಯ ಭವಾವಳಿ ಶುರುವಾಗುವುದೇ ಅಲ್ಲಿ. ಕಮಠ ತಮ್ಮನ ಹೆಂಡತಿಗೆ ಅಪಚಾರವೆಸಗಿ ಗಡಿಪಾರಾದವನು. ಅನ್ಯಾಯಕ್ಕೊಳಗಾದ ಮರುಭೂತಿಯೇ ಅಣ್ಣನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಬೇಡಿದ. ಕಮಠ ಅವನ ಮೇಲೆ ಬಂಡೆ ಹಾಕಿ ಕೊಂದ. ಪರ್ವದ ದಿನಗಳಲ್ಲಿ ಈ ಕತೆಯನ್ನು ಮರುಭೂತಿಯ ಹಿರಿಮೆಗಾಗಿ ಹೇಳುವುದುಂಟು. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಸೊಸೆಗೆ ಈಗ ಅದು ಹೇಗೆ ಕೇಳಿಸೀತೆಂದು ಅವರಿಗೆ ಹೊಳೆದು, ಕತೆಯನ್ನು ಅರ್ಧಕ್ಕೆ ನಿಲ್ಲಿಸಿದರು.

ಮತ್ತೆ ಎರಡು ದಿನ ಅವರು ಆಟದ ಮಾತೆತ್ತಲಿಲ್ಲ. ಮೂರನೆಯ ದಿನ ಮೊಮ್ಮಗಳನ್ನು ಕರೆದು ಆಲೋಚನೆಯ ವಿಷಯ ಹೇಳಿದರು. ಇಲ್ಲಿ ಆಲೋಚನೆಯೆಂದರೆ ಯೋಚಿಸುವುದಲ್ಲ. ಮಾಡಿದ ತಪ್ಪನ್ನು ಗುರುವಿನ ಮುಂದೆ ಮರೆಮಾಚದೆ ಹೇಳುವುದು. ತತ್ತ್ವಾರ್ಥಸೂತ್ರವು ಎಣಿಸುವ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಇದೇ. ಭಗವತೀ ಆರಾಧನೆಯು ಇದಕ್ಕೆ ಹತ್ತು ದೋಷಗಳನ್ನು ಹೇಳುತ್ತದೆ. ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳಿಕೊಳ್ಳುವುದು ಒಂದು ದೋಷ. ದೊಡ್ಡದನ್ನು ನುಂಗಿ ಸಣ್ಣದನ್ನು ಹೇಳುವುದು ಒಂದು. ಅವುಗಳಲ್ಲಿ ‘ಶಬ್ದಾಕುಲಿತ’ವೆಂಬುದೊಂದಿದೆ: ಪಾಕ್ಷಿಕ, ಸಾಂವತ್ಸರಿಕ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ತಪ್ಪೊಪ್ಪಿಕೊಳ್ಳುವ ಗದ್ದಲದ ನಡುವೆ, ಗುರುವಿಗೆ ಸರಿಯಾಗಿ ಕೇಳಿಸದಂತೆ ತನ್ನದನ್ನೂ ಹೇಳಿ ಮುಗಿಸಿಬಿಡುವುದು. ಶಿಷ್ಯನ ಜಾಣತನವನ್ನು ಆಚಾರ್ಯರು ಸಾವಿರ ವರ್ಷಕ್ಕೂ ಹಿಂದೆಯೇ ಹೀಗೆ ಹಿಡಿದಿಟ್ಟಿದ್ದಾರೆ.

‘ನಿನ್ನ ಆಟದಲ್ಲಿ ಆ ಮೂವರು ಎದುರು ನಿಂತು ಹೇಳಿದರಲ್ಲ, ಅದು ಆಲೋಚನೆ. ಬಸದಿಯಲ್ಲಿ ನಡೆಯುತ್ತಿದ್ದುದು ಶಬ್ದಾಕುಲಿತ’ ಎಂದರು. ವೈರವನ್ನು ಬಿಡುವುದು ಮೋಸಹೋದವಳ ಆತ್ಮಕ್ಕೆ ಹಿತ, ಅದು ಅವಳ ಸಾಧನೆ. ಆದರೆ ಅದನ್ನು ಮೋಸಮಾಡಿದವನು ಬಾಕಿಯೆಂಬಂತೆ ವಸೂಲಿ ಮಾಡಲು ಬರುವಂತಿಲ್ಲವೆಂದೂ ಸೇರಿಸಿದರು. ಸೊಸೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದು ಇಬ್ಬರಿಗೂ ಕಂಡಿತು.

ಮುಂದಿನ ಕ್ಷಮಾವಣಿಗೆ ಆಕೆ ಬಸದಿಗೆ ಹೋಗಲಿಲ್ಲ. ತಮ್ಮ ಸಂಜೆ ಮನೆಗೇ ಬಂದ. ಎಂದಿನಂತೆ ಕೈಮುಗಿದು ‘ತಿಳಿದೋ ತಿಳಿಯದೆಯೋ’ ಎನ್ನುವಷ್ಟರಲ್ಲಿ ಆಕೆ ತಡೆದಳು. ‘ತಿಳಿಯದೆ ಮಾಡಿದ್ದು ಬೇಡ ಕಣೋ. ತಿಳಿದು ಮಾಡಿದ್ದನ್ನು ಮಾತ್ರ ಹೇಳು. ಕೂತು ಹೇಳು.’ ಅವನು ಕೂರಲಿಲ್ಲ. ಮೊಮ್ಮಗಳು ತಂದ ನೀರನ್ನೂ ಮುಟ್ಟದೆ ಹೊರಟುಹೋದ.

ದೀಪಾವಳಿ ಕಳೆದ ಮೇಲೆ, ಹಬ್ಬವೂ ಅಲ್ಲದ ಪರ್ವವೂ ಅಲ್ಲದ ಒಂದು ಬುಧವಾರ, ಜಯನಗರದ ಮನೆಯ ಗಂಟೆ ಬಾರಿಸಿತು. ಅವನ ಕೈಯಲ್ಲಿ ಆ ಪತ್ರದ ಪ್ರತಿಯಿತ್ತು. ಅಕ್ಕ ಕುರ್ಚಿ ತೋರಿಸಿದಳು. ಪಂಡಿತರು ಎದ್ದು ಒಳಗೆ ಹೋಗಲಿದ್ದರು. ‘ನೀವೂ ಇರಿ ಮಾವ’ ಎಂದಳು ಸೊಸೆ. ಅವನು ಕನ್ನಡಕ ಹಾಕಿಕೊಂಡು, ಮೊದಲು ಅದರ ಮೇಲಿದ್ದ ತಾರೀಖನ್ನು ಗಟ್ಟಿಯಾಗಿ ಓದಿದ.