ಕಡಲು ದಾಟಿ ಬಂದವರು, ಕಡಲು ದಾಟಿ ಹೋದವರು

ಮಂಗಳೂರಿಗೆ ಬಂದವರು ಕದ್ರಿ, ಮಂಗಳಾದೇವಿ, ಕುದ್ರೋಳಿ ನೋಡುತ್ತಾರೆ. ಪಣಂಬೂರಿನಲ್ಲಿ ಮರಳಾಟ ಆಡಿ, ಐಸ್‌ಕ್ರೀಮ್ ತಿಂದು ಊರಿಗೆ ಮರಳುತ್ತಾರೆ. ಹಳೇ ಬಂದರಿನ ಕಡೆಗೆ ಹೋಗುವವರು ಕಡಿಮೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಸಾಲು ಸಾಲು ಸಗಟು ಅಂಗಡಿಗಳು, ಗೋಣಿಚೀಲ ಹೊರುವವರು, ಮೀನಿನ ವಾಸನೆ. ದಕ್ಕೆಯಲ್ಲಿ ಮೀನುಗಾರಿಕೆಯ ದೋಣಿಗಳು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು. ಎದುರು ದಡದಲ್ಲಿ ಬೆಂಗ್ರೆ. ನೇತ್ರಾವತಿಯೂ ಗುರುಪುರ ಹೊಳೆಯೂ ಕಡಲು ಸೇರುವ ಜಾಗ ಇದೇ.

ಮಕ್ಕಳೇ, ಸುಮಾರು 900 ವರ್ಷದ ಹಿಂದೆ ಈ ಅಳಿವೆಯ ಊರಿಗೆ ಒಬ್ಬ ವ್ಯಾಪಾರಿ ಬಂದ. ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟೂರು ಆಫ್ರಿಕಾದ ಉತ್ತರ ತೀರದ ಮಹ್ದಿಯಾ, ಈಗಿನ ಟುನೀಶಿಯಾದಲ್ಲಿದೆ. 1132ರಿಂದ 1149ರವರೆಗೆ, ಹೆಚ್ಚುಕಡಿಮೆ 17 ವರ್ಷ, ಅವನ ಬದುಕು ನಡೆದದ್ದು ಈ ಕರಾವಳಿಯಲ್ಲಿ. ಇಲ್ಲಿಯ ಆಶು ಎಂಬವಳೊಂದಿಗೆ ಸಂಸಾರ ಹೂಡಿದ. ಲೋಹದ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸಿದ. ಬೊಮ್ಮ ಎಂಬ ಊರಿನ ಆಳು ಅವನ ಪರವಾಗಿ ವ್ಯವಹಾರಕ್ಕೆಂದು ಏಡನ್‌ವರೆಗೂ ಹೋಗಿ ಬರುತ್ತಿದ್ದ.

ಬೆನ್ ಯಿಜುವಿನ ಮನೆ ಮಂಗಳೂರಿನಲ್ಲಿ, ವ್ಯಾಪಾರದ ಪಾಲುದಾರರು ಕಡಲಾಚೆಯ ಏಡನ್‌ನಲ್ಲಿ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಜೊತೆಗೆ ಬರೆಯುವ ಕಾಗದ ಬರುತ್ತಿತ್ತು. ತಾಳೆಗರಿಯಲ್ಲಿ ಬರೆಯುತ್ತಿದ್ದ ನಾಡಲ್ಲವೇ, ಕಾಗದ ಇಲ್ಲಿ ಸಿಗುತ್ತಿರಲಿಲ್ಲ. ಏಡನ್ ಬಂದರಿನಲ್ಲಿ ಸರಕಿಗೆ ಸುಂಕ ಕಟ್ಟಬೇಕಿತ್ತು. ಆ ಲೆಕ್ಕವೂ ಪಾಲುದಾರರ ಪತ್ರಗಳಲ್ಲಿದೆ. ಆ ಪತ್ರಗಳು ಕೈರೋದ ಒಂದು ಹಳೆಯ ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ನೂರಾರು ವರ್ಷ ಉಳಿದಿದ್ದರಿಂದಲೇ ಇದೆಲ್ಲ ನಮಗೆ ಗೊತ್ತಾಗಿದ್ದು.

ಒಂದು ದೇಶದಲ್ಲಿ ವಾಸ, ಇನ್ನೊಂದು ದೇಶದೊಡನೆ ಕೆಲಸ. ಊರಿಗೆ ಇದು ಆಮೇಲೂ ಹೊಸದಾಗಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮುಖ್ಯ ಕಚೇರಿ ಅಲ್ಲಿ, ದುಡಿಮೆ ಇಲ್ಲಿ. ಅವರಲ್ಲಿ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಕಿಟ್ಟೆಲ್‌ರ ದೊಡ್ಡ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. 1865ರಲ್ಲಿ ಆರಂಭವಾದ ಅವರ ಹೆಂಚಿನ ಕಾರ್ಖಾನೆಯಿಂದ ಮಂಗಳೂರು ಹೆಂಚು ಲೋಕಪ್ರಸಿದ್ಧವಾಯಿತು.

ಈಗ ಪ್ರಯಾಣದ ದಿಕ್ಕು ಬದಲಾಗಿದೆ. ದಕ್ಕೆಯ ಬದಲು ಬಜ್ಪೆಗೆ ಹೋಗಿ ನೋಡಿ. ಗುಡ್ಡದ ತುದಿಯನ್ನು ಸಮ ಮಾಡಿ ಕಟ್ಟಿದ ವಿಮಾನ ನಿಲ್ದಾಣ ಅದು. 2006ರಲ್ಲಿ ಇಲ್ಲಿಂದ ನೇರ ದುಬೈಗೆ ವಿಮಾನ ಶುರುವಾಯಿತು. ಅದಕ್ಕೂ ಮೊದಲು ಮುಂಬೈಗೆ ಹೋಗಿ ವಿಮಾನ ಹತ್ತಿದ ಅಜ್ಜಂದಿರು ನಮ್ಮ ಓದುಗರಲ್ಲೇ ಎಷ್ಟೋ ಮಂದಿ ಇರಬಹುದು. ಆಗಮನದ ಬಾಗಿಲ ಬಳಿ ಮೊಮ್ಮಕ್ಕಳಿಗಾಗಿ ಕಾಯುವ ಅಜ್ಜಿಯರನ್ನು ಯಾವ ದಿನ ಹೋದರೂ ಕಾಣಬಹುದು.

ಹಿಂದೆ ಕೆಲಸ ಸಿಕ್ಕಿದ ಊರಿಗೆ ಮನುಷ್ಯ ಹೋಗುತ್ತಿದ್ದ. ಈಗ ಕೆಲಸವೇ ಲ್ಯಾಪ್‌ಟಾಪಿನಲ್ಲಿ ಮನುಷ್ಯನ ಜೊತೆ ಹೋಗುತ್ತದೆ. ಸುರತ್ಕಲ್ಲಿನ ಹುಡುಗಿಯೊಬ್ಬಳು ಜರ್ಮನಿಯ ಕಂಪನಿಗೆ ದುಬೈಯಲ್ಲಿ ಕೂತು ದುಡಿಯುತ್ತಾಳೆ ಎಂದಿಟ್ಟುಕೊಳ್ಳಿ. ಇಂಥವರಿಗಾಗಿಯೇ ಕೆಲವು ದೇಶಗಳು ಹೊಸ ವೀಸಾ ಮಾಡಿವೆ. ವೀಸಾ ಎಂದರೆ ಬೇರೆ ದೇಶದೊಳಗೆ ಬರಲು, ಇರಲು ಆ ದೇಶ ಕೊಡುವ ಅನುಮತಿ. ಕೊರೊನಾ ಕಾಲದ 2020ರಲ್ಲಿ ಬಾರ್ಬಡೋಸ್ ದ್ವೀಪವೂ ಎಸ್ಟೋನಿಯವೂ ಇಂಥ ಒಂದು ವರ್ಷದ ವೀಸಾ ತಂದವು. ಮರುವರ್ಷ ಯುಎಇ ಕೂಡ ತಂದಿತು. ಯುಎಇಯಲ್ಲಿ ಹತ್ತು ವರ್ಷದ ‘ಗೋಲ್ಡನ್ ವೀಸಾ’ವೂ ಇದೆ. ಸಾಮಾನ್ಯ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ರದ್ದಾಗುತ್ತದೆ. ಗೋಲ್ಡನ್ ವೀಸಾಕ್ಕೆ ಆ ಭಯವಿಲ್ಲ.

ತೆರಿಗೆ ಯಾರಿಗೆ ಕಟ್ಟಬೇಕು? ಅದಕ್ಕೆ ದೇಶಕ್ಕೊಂದು ನಿಯಮ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಎಸ್ಟೋನಿಯದಲ್ಲಿ 183 ದಿನ ಇದ್ದರೆ ಅಲ್ಲಿಯ ತೆರಿಗೆ ಬೀಳುತ್ತದೆ. ಹಾಗಾಗಿ ವೀಸಾ ಸಿಕ್ಕಿತೆಂದರೆ ತೆರಿಗೆ ಮಾಫಿಯಾಯಿತು ಎಂದು ತಿಳಿಯಬಾರದು.

ನಮ್ಮ ದೇಶದ ಲೆಕ್ಕದಲ್ಲಿ 182 ಎಂಬ ಸಂಖ್ಯೆ ಮುಖ್ಯ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ಅಷ್ಟು ದಿನ ಭಾರತದಲ್ಲಿದ್ದವರು ಇಲ್ಲಿಯ ನಿವಾಸಿ. ಸಾಮಾನ್ಯವಾಗಿ ನಿವಾಸಿಯ ಹೊರದೇಶದ ಗಳಿಕೆಯೂ ಇಲ್ಲಿಯ ಲೆಕ್ಕಕ್ಕೆ ಬರುತ್ತದೆ. ಅನಿವಾಸಿಯು ಹೊರಗೆ ದುಡಿದು ಹೊರಗೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಆದರೆ ಊರಿನ ಮನೆಯ ಬಾಡಿಗೆಗೆ ಇಲ್ಲಿಯ ತೆರಿಗೆಯೇ. ಭಾರತದಲ್ಲಿ 15 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯ ಇರುವವರಿಗೆ 2020ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಅಂಥವರು ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು.

ಈ ಲೆಕ್ಕ ಮನೆಯ ಕ್ಯಾಲೆಂಡರಿಗೂ ಬರುತ್ತದೆ. “ಲ್ಯಾಪ್‌ಟಾಪಿನಲ್ಲೇ ಕೆಲಸವಲ್ಲವೇ ಮಗಾ, ಇಲ್ಲೇ ಕೂತು ಮಾಡು” ಎಂದು ಅಜ್ಜಿ ಕೇಳುವುದು ನ್ಯಾಯವೇ. “ಈ ವರ್ಷದ ದಿನ ಮುಗಿಯಿತು ಅಜ್ಜಿ” ಎನ್ನುವ ಮೊಮ್ಮಗ ಸುಳ್ಳು ಹೇಳುತ್ತಿಲ್ಲ. ಉಳಿದ ತೆರಿಗೆಯಿಂದ ಮನೆಸಾಲ ತೀರಿರಬಹುದು, ತಂಗಿಯ ಓದು ನಡೆದಿರಬಹುದು. ಅಷ್ಟರಲ್ಲಿ ಅಜ್ಜನ ಔಷಧಿ ತರಲು ಪಕ್ಕದ ಮನೆಯವರು ಹೋಗಿರುತ್ತಾರೆ. ದಿನಗಳ ಲೆಕ್ಕ ಹಾಕುವಾಗ ಇದನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು. ಕುದ್ರೋಳಿಯ ದಸರಾಕ್ಕೋ ಅಜ್ಜಿಯ ಕಣ್ಣಿನ ಆಪರೇಷನ್ನಿಗೋ ಬೇಕಾದ ದಿನಗಳನ್ನು ವರ್ಷದ ಆರಂಭದಲ್ಲೇ ತೆಗೆದಿಟ್ಟರೆ ಯಾರಿಗೂ ಬೇಸರವಿಲ್ಲ.

ಹೊರದೇಶದ ಪೌರರಾಗಿಬಿಟ್ಟ ಮೊಮ್ಮಕ್ಕಳಿಗೂ ದಾರಿಯಿದೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ, ಆದರೆ 2005ರಲ್ಲಿ ಬಂದ ಓಸಿಐ ಕಾರ್ಡ್ ಜೀವನಪೂರ್ತಿಯ ವೀಸಾದಂತೆ. ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಅಜ್ಜಿಮನೆಗೆ ಮಾತ್ರ ಬೇಕೆಂದಾಗ ಬರಬಹುದು.

ಬೆನ್ ಯಿಜು 1149ರಲ್ಲಿ ಮಗ, ಮಗಳೊಡನೆ ಏಡನ್‌ಗೆ ಹೊರಟ. ಅಲ್ಲಿಂದ ತಮ್ಮನಿಗೆ ಪತ್ರ ಬರೆದ. ಬಳಗವೆಲ್ಲ ಮತ್ತೆ ಒಂದಾಗಬೇಕು, ಮಗಳನ್ನು ಬಳಗದಲ್ಲೇ ಕೊಡಬೇಕು ಎಂದು ಅವನ ಆಸೆ. 1156ರಲ್ಲಿ ಅವಳ ಮದುವೆ ತಮ್ಮನ ಮಗನೊಡನೆಯೇ ನಡೆಯಿತು. ಮಂಗಳೂರಿನಲ್ಲಿ ಬಾಲ್ಯ ಕಳೆದ ಹುಡುಗಿಯ ಮದುವೆ ಈಜಿಪ್ಟಿನಲ್ಲಿ!

ಮುಂದಿನ ರಜೆಯಲ್ಲಿ ಮಂಗಳೂರಿಗೆ ಬಂದಾಗ ಒಂದು ಸಂಜೆ ದಕ್ಕೆಗೂ ಬನ್ನಿ. ದೋಣಿಯಲ್ಲಿ ಬೆಂಗ್ರೆಗೆ ದಾಟಿದರೆ ಅತ್ತ ಬಿಚ್ಚುಗಡಲು ಕಾಣುತ್ತದೆ. ಆಮೇಲೆ ಅಜ್ಜನ ಪೆಟ್ಟಿಗೆ ತೆಗೆಸಿ, ಮಸ್ಕತ್‌ನಿಂದಲೋ ಬಹ್ರೇನ್‌ನಿಂದಲೋ ಬಂದ ಹಳೆಯ ಕಾಗದಗಳಿದ್ದರೆ ಓದಿಸಿಕೊಳ್ಳಿ. ಅವರು ಆಗ ಎಷ್ಟು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು ಎಂದೂ ಕೇಳಿ.