ತೊಳೆದ ಬಟ್ಟಲಿನ ಬಿಳಿಪೊರೆ

ಕನ್ನಡದ ಅಡುಗೆಮನೆಯಲ್ಲಿ ಪಾತ್ರೆಯ ಮಾಲಿನ್ಯಕ್ಕೆ ಹಲವು ಹೆಸರುಗಳಿವೆ. ಅನ್ನ ಬೆಂದ ಪಾತ್ರೆಯದು ಮುಸುರೆ, ಬಾಯಿ ತಾಗಿದ್ದು ಎಂಜಲು, ಎಣ್ಣೆಯದು ಜಿಡ್ಡು, ಒಲೆಯದು ಮಸಿ, ಹಿತ್ತಾಳೆ ತಾಮ್ರಗಳಿಗೆ ಹಿಡಿಯುವುದು ಕಿಲುಬು. ಇವೆಲ್ಲವೂ ತೊಳೆಯುವುದಕ್ಕೆ ಮೊದಲಿನವು. ತೊಳೆದ ಮೇಲೆ, ತೊಳೆದ ನೀರಿನಿಂದಲೇ ಹುಟ್ಟುವ ಮಾಲಿನ್ಯಕ್ಕೆ ಬಳಕೆಯ ಹೆಸರೊಂದು ಥಟ್ಟನೆ ನೆನಪಾಗುವುದಿಲ್ಲ. ಪಾತ್ರೆ ತೊಳೆಯುವ ಯಂತ್ರ ಮನೆಗಳಿಗೆ ಬಂದಮೇಲೆ ಈ ಹೆಸರಿಲ್ಲದ ವಸ್ತು ಗಾಜಿನ ಲೋಟದ ಮೇಲೆ, ಉಕ್ಕಿನ ತಟ್ಟೆಯ ಮೇಲೆ ಬೂದುಬಿಳಿ ಪೊರೆಯಾಗಿ ಕಾಣಿಸಿಕೊಂಡಿದೆ.

ಅಕ್ಕತಂಗಿಯರಿಬ್ಬರ ಮನೆಗಳಲ್ಲಿ ಈ ಪೊರೆಯ ಕಥೆ ಎರಡು ಬಗೆಯಾಗಿ ನಡೆಯಿತು. ಅಕ್ಕನದು ನಂಜನಗೂಡಿನ ಹೊಸ ಬಡಾವಣೆಯ ಮನೆ; ಅಲ್ಲಿ ಕೊಳವೆಬಾವಿಯ ನೀರು. ತಂಗಿಯದು ತಿರುಮಕೂಡಲು ನರಸೀಪುರ; ಅಲ್ಲಿ ನಲ್ಲಿಗೆ ಬರುವುದು ಹೊಳೆಯ ನೀರು. ಅಕ್ಕನ ಮಣಿಕಟ್ಟಿನ ನೋವು ಕಂಡು ಮಕ್ಕಳು ಎರಡೂ ಮನೆಗಳಿಗೆ ಒಂದೇ ಬಗೆಯ ಯಂತ್ರ ತಂದುಕೊಟ್ಟರು. ಪುಡಿಯೂ ಒಂದೇ. ನರಸೀಪುರದ ಲೋಟಗಳು ಮಿನುಗಿದವು. ನಂಜನಗೂಡಿನವು ಸುಣ್ಣ ಬಳಿದಂತಾದವು. ಅಕ್ಕನ ವೃದ್ಧೆ ಅತ್ತೆ ಆ ತಟ್ಟೆಯಲ್ಲಿ ಉಣ್ಣಲು ಒಪ್ಪಲಿಲ್ಲ. ತಮ್ಮ ಹಳೆಯ ಕಂಚಿನ ತಟ್ಟೆಯನ್ನು ತಾವೇ ತೊಳೆದುಕೊಂಡು, ಸೂರ್ಯಾಸ್ತಕ್ಕೆ ಮುನ್ನ ಒಬ್ಬರೇ ಕುಳಿತು ಉಂಡರು. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಆದರೆ ಪಂಕ್ತಿ ಒಡೆಯಿತು.

ದುರಸ್ತಿಗೆ ಬಂದವನು ಪುಡಿಯನ್ನು ಹೆಚ್ಚಿಸಿ ಎಂದು ಹೇಳಿ ಹೋದ. ಹೆಚ್ಚಿಸಿದಷ್ಟೂ ಪೊರೆ ದಪ್ಪವಾಯಿತು. ಇದು ಆಶ್ಚರ್ಯವಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತವೆ. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣದ ಕಲ್ಲಿನ ಸೂಕ್ಷ್ಮ ಸ್ಫಟಿಕಗಳು, ಪಾತ್ರೆಯ ಮೇಲೆ ನಿಲ್ಲುತ್ತವೆ. ಸೋಡಾಪ್ರಧಾನವಾದ ಪುಡಿ ಈ ಕ್ರಿಯೆಗೆ ಮತ್ತಷ್ಟು ಒತ್ತಾಸೆ ಕೊಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರಿನ ಮೂಲವಿಲ್ಲದಾಗ 600ರವರೆಗೆ ಸಹ್ಯವೆಂದೂ ಹೇಳುತ್ತದೆ. 300 ಮಿಲಿಗ್ರಾಂ ಗಡಸುತನದ 10 ಲೀಟರ್ ನೀರಿನಲ್ಲಿ 3 ಗ್ರಾಂ ಸುಣ್ಣದಕಲ್ಲಿಗೆ ಸಮನಾದ ಗಡಸು ಅಡಗಿರುತ್ತದೆ. ಅದರ ಒಂದು ಅಂಶ ಪಾತ್ರೆಯ ಮೇಲೆ ಉಳಿದರೂ ಕಣ್ಣಿಗೆ ಕಾಣುತ್ತದೆ.

ಅತ್ತೆಯವರು ಇದನ್ನು ಸಾಬೂನಿನ ಎಂಜಲೆಂದು ತಿಳಿದಿದ್ದರು. ಅವರ ಆಕ್ಷೇಪಕ್ಕೆ ಇನ್ನೂ ಆಳವಾದ ನೆಲೆಯಿತ್ತು. ಜೈನ ಶ್ರಾವಕಾಚಾರದಲ್ಲಿ ನೀರನ್ನು ಗಾಳಿಸದೆ ಬಳಸುವಂತಿಲ್ಲ. ಗಾಳಿಸಿದ ನೀರಿಗೂ ಎರಡು ಗಳಿಗೆಯ, ಎಂದರೆ 48 ನಿಮಿಷದ, ಮರ್ಯಾದೆಯಿದೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಬಂದ ನೀರಿಗೇ ಜೋಪಾನವಾಗಿ ಹಿಂತಿರುಗಿಸಬೇಕು. ಯಂತ್ರವಾದರೋ ತುಂಬುವವರೆಗೂ ಎಂಜಲು ತಟ್ಟೆಗಳನ್ನು ಕತ್ತಲಲ್ಲಿ ಕಾಯಿಸಿಡುತ್ತದೆ. ಅವರ ಮುನಿಸು ಯಂತ್ರದ ಮೇಲಲ್ಲ, ಆ ಕಾಯುವಿಕೆಯ ಮೇಲೆ.

ದೋಷವನ್ನು ಹುಡುಕಿದವಳು ತಂಗಿ. ಎರಡು ಊರಿನ ನೀರನ್ನು ಎರಡು ಶೀಸೆಗಳಲ್ಲಿ ಹಿಡಿದು, ಸಮನಾಗಿ ಸಾಬೂನು ತುರಿ ಹಾಕಿ ಕುಲುಕಿದಳು. ಹೊಳೆಯ ನೀರು ನೊರೆಯಾಯಿತು; ಕೊಳವೆಬಾವಿಯ ನೀರು ಮೊಸರಿನ ತಿಳಿಯಂತೆ ಕದಡಿತು. ಆಮೇಲೆ ಮಾಸಿದ ಲೋಟವೊಂದರ ಅರ್ಧಕ್ಕೆ ನಿಂಬೆರಸ ಸವರಿದಳು. ಸವರಿದ ಭಾಗ ತಿಳಿಯಾಯಿತು. ಆಮ್ಲಕ್ಕೆ ಕರಗಿದರೆ ಪೊರೆ ಸುಣ್ಣದ್ದು. ಬೆರಳಿಗೆ ಜಾರಿದರೆ ಜಿಡ್ಡಿನದು ಅಥವಾ ಪುಡಿಯದು. ಯಾವುದಕ್ಕೂ ಜಗ್ಗದಿದ್ದರೆ ಗಾಜೇ ಸವೆದಿದೆಯೆಂದು ತಿಳಿಯಬೇಕು.

ಹಳೆಯ ಅಡುಗೆಮನೆಗೆ ಈ ವಿದ್ಯೆ ಹೊಸದಾಗಿರಲಿಲ್ಲ. ಒಲೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಕ್ಷಾರವಾಗಿ ಜಿಡ್ಡನ್ನು ಬಿಡಿಸುತ್ತಿತ್ತು. ಹುಣಿಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನೂ ಸುಣ್ಣವನ್ನೂ ಕಳೆಯುತ್ತಿತ್ತು. ತೆಂಗಿನ ನಾರು ಉಜ್ಜುತ್ತಿತ್ತು. ಕ್ಷಾರ, ಆಮ್ಲ, ಘರ್ಷಣೆ ಎಂಬ ಈ ಮೂರರಲ್ಲಿ ಯಂತ್ರ ಕೈಯ ಘರ್ಷಣೆಯನ್ನು ಬಿಟ್ಟು, ಅದರ ಜಾಗದಲ್ಲಿ ನೀರಿನ ರಭಸವನ್ನು ಇಟ್ಟುಕೊಂಡಿತು. ಅಮೆರಿಕದ ಜೋಸೆಫೀನ್ ಕೊಕ್ರೇನ್ 1886ರಲ್ಲಿ ಹಕ್ಕುಸ್ವಾಮ್ಯ ಪಡೆದ ಯಂತ್ರದ ಮುಖ್ಯ ಉಪಾಯವೂ ಇದೇ. 1893ರ ಶಿಕಾಗೋ ಮಹಾಪ್ರದರ್ಶನದಲ್ಲಿ ಆ ಯಂತ್ರ ಜನರ ಕಣ್ಣಿಗೆ ಬಿತ್ತು. ಅದೇ ಪ್ರದರ್ಶನದ ಅಂಗವಾಗಿ ಸೇರಿದ್ದ ಸರ್ವಧರ್ಮ ಸಮ್ಮೇಳನದಲ್ಲಿ ವೀರಚಂದ ರಾಘವಜಿ ಗಾಂಧಿಯವರು ಜೈನಧರ್ಮವನ್ನು ಕುರಿತು ಮಾತನಾಡಿದರು. ಪಾತ್ರೆಯನ್ನು ತೊಳೆಯುವ ಚಿಂತೆಯೂ ಆತ್ಮವನ್ನು ತೊಳೆಯುವ ಚಿಂತೆಯೂ ಒಂದೇ ಊರಿನಲ್ಲಿ, ಒಂದೇ ವರ್ಷ ನೆರೆದಿದ್ದವೆಂಬುದು ಇತಿಹಾಸದ ಒಂದು ವಿನೋದ.

ಜೈನ ಪರಿಭಾಷೆಗೆ ಈ ಪೊರೆ ಅಪರಿಚಿತವಲ್ಲ. ಕರ್ಮವೆಂಬುದು ಸೂಕ್ಷ್ಮವಾದ ಪುದ್ಗಲ. ಅದು ಹರಿದುಬರುವುದು ಆಸ್ರವ, ಅಂಟುವುದು ಬಂಧ, ಬರುವುದನ್ನು ತಡೆಯುವುದು ಸಂವರ, ಅಂಟಿದ್ದನ್ನು ಕಳೆಯುವುದು ನಿರ್ಜರಾ. ನಂಜನಗೂಡಿನ ಮನೆ ಇಷ್ಟು ದಿನ ನಿರ್ಜರೆಗಾಗಿ ಮಾತ್ರ ಹೆಣಗಿತ್ತು. ಆಸ್ರವ ಮಾತ್ರ ನಿಂತಿರಲಿಲ್ಲ.

ತಡೆಯುವ ಉಪಾಯ ಯಂತ್ರದೊಳಗೇ ಇತ್ತು. ಅದರ ತಳದಲ್ಲಿ ರಾಳದ ಕಿರುಮಣಿಗಳ ಒಂದು ಕೋಶವಿರುತ್ತದೆ. ನೀರು ಅದರ ಮೂಲಕ ಹಾಯುವಾಗ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದಾಗ ಗಾಢವಾದ ಉಪ್ಪುನೀರು ಹರಿದು, ಹಿಡಿದ ಗಡಸನ್ನು ಹೊರದೂಡಿ ಮೋರಿಗೆ ಸಾಗಿಸುತ್ತದೆ. ಆ ಮನೆಯಲ್ಲಿ ಉಪ್ಪಿನ ಕೋಶ ಬರಿದಾಗಿತ್ತು. ಗಡಸುತನದ ಮಟ್ಟವೂ ಕಾರ್ಖಾನೆಯಿಂದ ಬಂದಂತೆಯೇ ಇತ್ತು. ಅಯೋಡಿನ್ ಬೆರೆತ, ಗಂಟುಕಟ್ಟದ ಅಡುಗೆಯ ಪುಡಿಯುಪ್ಪು ಇದಕ್ಕೆ ತಕ್ಕುದಲ್ಲ; ಯಂತ್ರಕ್ಕೆಂದೇ ಮಾರುವ ಹರಳುಪ್ಪು ಬೇಕು. ಉಪ್ಪು ತುಂಬಿ, ಪರೀಕ್ಷಾಪಟ್ಟಿಯಿಂದ ನೀರನ್ನು ಅಳೆದು ಮಟ್ಟ ಹೊಂದಿಸಿದರು. ತಳದ ಜಾಲರಿಯನ್ನು ಬಿಚ್ಚಿ ತೊಳೆದರು. ನೀರೆರಚುವ ತೋಳಿನ ರಂಧ್ರಗಳಲ್ಲಿ ಸಿಕ್ಕಿದ್ದ ಸಾಸಿವೆ, ಜೀರಿಗೆಗಳನ್ನು ಕಡ್ಡಿಯಿಂದ ತೆಗೆದರು. ಬರಿಯ ಯಂತ್ರವನ್ನು ನಿಂಬೆಉಪ್ಪು ಹಾಕಿ ಒಮ್ಮೆ ಓಡಿಸಿದರು. ಪುಡಿಯನ್ನು ತಗ್ಗಿಸಿ, ಹನಿ ನಿಲ್ಲದಂತೆ ಮಾಡುವ ದ್ರವವನ್ನು ತುಂಬಿದರು. ಮೂರನೆಯ ತೊಳೆತಕ್ಕೆ ಲೋಟ ತಿಳಿಯಾಯಿತು.

ಗಾಳಿಸುವ ಬಟ್ಟೆ ಇಲ್ಲಿ ಸೋತಿತೆಂದು ಹೇಳಲಾಗದು. ಅದು ತೇಲುವುದನ್ನು ತಡೆಯಲು ಹುಟ್ಟಿದ್ದು; ಕರಗಿದ್ದನ್ನು ತಡೆಯಲು ಬೇರೆಯೇ ಜರಡಿ ಬೇಕು. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಸೇರುವಲ್ಲಿ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೆಂಬ ಮೂರನೆಯ ನೀರೂ ಇದೆಯೆಂಬ ನಂಬಿಕೆಯಿದೆ. ಊರಿನ ಹೆಸರಿನಲ್ಲಿರುವ ಕೂಡಲಿಗೆ ಆ ಕಾಣದ ನೀರೂ ಕಾರಣ. ಕೊಡದ ತಿಳಿನೀರಿನಲ್ಲಿಯೂ ಕಾಣದ ಸ್ಫಟಿಕವೊಂದು ಇರಬಲ್ಲದು.

ಇಷ್ಟರಲ್ಲಿ ನರಸೀಪುರದ ಲೋಟಗಳು ಮಬ್ಬಾಗತೊಡಗಿದ್ದವು. ಮೆದು ನೀರಿಗೆ ನಂಜನಗೂಡಿನಷ್ಟೇ ಪುಡಿ ಸುರಿದುದರಿಂದ ಕ್ಷಾರವು ಗಾಜನ್ನೇ ತಿಂದಿತ್ತು. ನಿಂಬೆರಸ ಸವರಿದರೂ ಆ ಮಬ್ಬು ಹೋಗಲಿಲ್ಲ. ಕರ್ಮಶಾಸ್ತ್ರದಲ್ಲಿ ನಿಕಾಚಿತವೆಂಬ ಬಂಧವೊಂದಿದೆ. ಅದನ್ನು ಬದಲಿಸಲಾಗದು, ಅನುಭವಿಸಿಯೇ ತೀರಿಸಬೇಕು. ತಂಗಿ ಆ ಲೋಟಗಳನ್ನು ಎಸೆಯಲಿಲ್ಲ. ಮಜ್ಜಿಗೆಗೆ ಇಟ್ಟುಕೊಂಡಳು. ಪುಡಿಯನ್ನು ಅರ್ಧಕ್ಕಿಳಿಸಿದಳು.

ನಂಜನಗೂಡಿನ ಮನೆಯಲ್ಲಿ ಯಂತ್ರ ತುಂಬಲೆಂದು ಕಾಯುವುದನ್ನು ಬಿಟ್ಟರು. ಸಂಜೆಯ ಊಟ ಮುಗಿದೊಡನೆ ತಟ್ಟೆಗಳ ಎಂಜಲು ತೆಗೆದು, ಚಿಕ್ಕ ತೊಳೆತದಲ್ಲಿ ಓಡಿಸುತ್ತಾರೆ. ನೀರೂ ವಿದ್ಯುತ್ತೂ ಸ್ವಲ್ಪ ಹೆಚ್ಚು ಖರ್ಚಾಗುತ್ತವೆ. ನೀರಿನ ಗಾಳಿಕೆಯ ಪ್ರಶ್ನೆ ಪೂರ್ತಿ ತೀರಿಲ್ಲ. ನಲ್ಲಿಗೆ ಬಟ್ಟೆ ಕಟ್ಟಿದ ಮಾತ್ರಕ್ಕೆ ಅದು ತೀರುವುದೂ ಇಲ್ಲ. ಕಂಚಿನ ತಟ್ಟೆ ಯಂತ್ರಕ್ಕೆ ಸಲ್ಲದು, ಅದರ ಹೊಳಪು ಕೆಡುತ್ತದೆ. ಅದಕ್ಕೆ ಹುಣಿಸೆಯೇ ಸರಿ. ಆ ಒಂದು ತಟ್ಟೆಯನ್ನು ಈಗ ಸೊಸೆ ತೊಳೆಯುತ್ತಾಳೆ, ಮಣಿಕಟ್ಟು ಅಷ್ಟನ್ನು ತಾಳುತ್ತದೆ. ಅತ್ತೆಯವರು ಎಲ್ಲರೊಡನೆ ಕುಳಿತು ಉಣ್ಣುತ್ತಾರೆ.